ಖಾಲಿ ಗೋಣಿಚೀಲವೂ ಕೋಕ

ಚಾಲಿ ಅಡಿಕೆ ಸುಲಿಯುವ ಕಾಲಕ್ಕೆ ಊರಿಗೆ ಹೋಗುವುದನ್ನು ವರ್ಷಗಟ್ಟಲೆ ತಪ್ಪಿಸಿಕೊಂಡು ಬಂದವನು ನಾನು. 2019ರ ಏಪ್ರಿಲ್‌ನಲ್ಲಿ ಮಾತ್ರ ಹತ್ತು ದಿನ ರಜೆ ಹಾಕಿ ಶಿರಸಿ ಬಸ್ಸು ಹತ್ತಿದೆ. ಸುಲಿಯಲಿಕ್ಕಲ್ಲ. ಬೆಂಗಳೂರಿನಲ್ಲಿ ಆರು ತಿಂಗಳು ನಿದ್ದೆಗೆಟ್ಟು ನ್ಯೂರಲ್ ನೆಟ್‌ವರ್ಕ್ ಕಲಿತಿದ್ದೆ. ಕಲಿತ ವಿದ್ಯೆಯನ್ನು ಯಾವುದರ ಮೇಲಾದರೂ ಪ್ರಯೋಗಿಸದೆ ಸಮಾಧಾನವಿರಲಿಲ್ಲ. ನಮ್ಮ ಮನೆಯ ಅಡಿಕೆ ಕೈಗೆ ಸಿಕ್ಕಿತು.

ಸುಲಿದ ಚಾಲಿಯನ್ನು ಜಗಲಿಯಲ್ಲಿ ಸುರಿದುಕೊಂಡು ಆರಿಸುವುದನ್ನು ನೋಡಿದವರಿಗೆ ಗೊತ್ತು. ಒಳ್ಳೆಯ ಚಾಲಿ ಒಂದು ಕಡೆ, ಅದಕ್ಕಿಂತ ಕೆಳಗಿನ ದರ್ಜೆಯ ಬಿಳಿಗೋಟು ಒಂದು ಕಡೆ, ಕೋಕ ಇನ್ನೊಂದು ಕಡೆ. ಕೋಕ ಅಂದರೆ ಕೆಟ್ಟ ಕಾಯಿ. ದರದಲ್ಲಿ ಚಾಲಿಗೂ ಅದಕ್ಕೂ ದೊಡ್ಡ ಅಂತರ. ಹತ್ತು ಕೋಕ ಚಾಲಿಯ ಚೀಲಕ್ಕೆ ಸೇರಿಕೊಂಡರೆ ವ್ಯಾಪಾರಿಯ ಹುಬ್ಬು ಮೇಲೇರುತ್ತದೆ, ಹತ್ತು ಚಾಲಿ ಕೋಕದ ಚೀಲಕ್ಕೆ ಬಿದ್ದರೆ ನಮ್ಮ ಜೇಬಿಗೇ ಕತ್ತರಿ. ನಮ್ಮಲ್ಲಿಗೆ ಆರಿಸಲು ಬರುತ್ತಿದ್ದ ಅಕ್ಕ ಈ ಕೆಲಸವನ್ನು ಮಗಳ ಗಂಡನ ಮನೆಯ ಸುದ್ದಿ ಹೇಳುತ್ತಲೇ ಮಾಡುತ್ತಿದ್ದಳು. ಕಣ್ಣು ನಮ್ಮ ಮುಖದ ಮೇಲೆ, ಕೈ ರಾಶಿಯ ಮೇಲೆ. ಹೀಗಿರುವಾಗ ಇದೇನು ಮಹಾ ಕೆಲಸ, ಒಂದು ಕ್ಯಾಮೆರಾ ಸಾಕು ಅಂತ ನನಗನ್ನಿಸಿದ್ದು ಸಹಜವೇ. ಕಷ್ಟದ ಕೆಲಸವನ್ನು ಸಲೀಸಾಗಿ ಮಾಡುವವರು ಈ ಅನ್ಯಾಯವನ್ನು ಯಾವಾಗಲೂ ಸಹಿಸಿಕೊಳ್ಳಬೇಕಾಗುತ್ತದೆ.

ಅಕ್ಕ ಆರಿಸಿಟ್ಟ ಮೂರು ರಾಶಿಯಿಂದ ಇನ್ನೂರಿನ್ನೂರು ಅಡಿಕೆ ತೆಗೆದುಕೊಂಡೆ. ಒಂದೊಂದನ್ನೂ ಹೊರಳಿಸಿ ಹೊರಳಿಸಿ ಐದೈದು ಫೋಟೊ. ಒಟ್ಟು ಮೂರು ಸಾವಿರ. ಮೊದಲ ಎರಡು ದಿನ ಅಂಗಳದಲ್ಲಿ ನೀಲಿ ಟಾರ್ಪಾಲಿನ ಮೇಲೆ, ಬೆಳಗಿನ ಬಿಸಿಲಿನಲ್ಲಿ, ಚಾಲಿ ಮತ್ತು ಬಿಳಿಗೋಟು ಮುಗಿಸಿದೆ. ಮೂರನೇ ದಿನ ಮೋಡ ಕಟ್ಟಿ ಗುಡುಗಿತು. ಎಲ್ಲ ಎತ್ತಿಕೊಂಡು ಜಗಲಿಗೆ ಬಂದು, ಟ್ಯೂಬ್‌ಲೈಟಿನ ಕೆಳಗೆ, ಗೋಣಿಚೀಲದ ಮೇಲಿಟ್ಟು ಕೋಕದ ಫೋಟೊ ತೆಗೆದೆ. ಈ ಗೋಣಿಚೀಲವನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ಬೆಂಗಳೂರಿಗೆ ಮರಳಿ ನೆಟ್‌ವರ್ಕ್ ಕಟ್ಟಿದೆ. ಚಿತ್ರದ ಅಂಚು, ಗೆರೆ, ಬಣ್ಣಗಳನ್ನು ಹೆಕ್ಕುವ ಕೆಲವು ಪದರ, ಅವುಗಳ ಮೇಲೆ ಎಲ್ಲವನ್ನೂ ಎಲ್ಲದಕ್ಕೂ ಜೋಡಿಸುವ ಎರಡು ದಪ್ಪ ಪದರ. ತಿರುಗಿಸಿ ಹೊಂದಿಸಬೇಕಾದ ತೂಕಗಳ ಸಂಖ್ಯೆ ಇಪ್ಪತ್ತು ಲಕ್ಷ ದಾಟಿತು. ಕೈಯಲ್ಲಿದ್ದದ್ದು ಮೂರು ಸಾವಿರ ಫೋಟೊ. ಐದರಲ್ಲಿ ಒಂದು ಪಾಲನ್ನು ಪರೀಕ್ಷೆಗೆಂದು ಚೀಟಿ ಎತ್ತಿದ ಹಾಗೆ ಬೇರೆ ತೆಗೆದಿಟ್ಟು, ಉಳಿದದ್ದರಲ್ಲಿ ತರಬೇತಿ ಕೊಟ್ಟೆ. ಬೆಳಗಾಗುವುದರೊಳಗೆ ತರಬೇತಿಯ ಫೋಟೊಗಳಲ್ಲಿ ನೂರಕ್ಕೆ ನೂರು. ಪರೀಕ್ಷೆಯ ಫೋಟೊಗಳಲ್ಲಿ ಎಂಬತ್ನಾಲ್ಕು.

ಇದಕ್ಕೆ ಓವರ್‌ಫಿಟಿಂಗ್ ಅನ್ನುತ್ತಾರೆ. ಇಪ್ಪತ್ತು ಲಕ್ಷ ತಿರುಪು ಇರುವ ಯಂತ್ರಕ್ಕೆ ಎರಡು ಸಾವಿರದ ನಾನೂರು ಚಿತ್ರಗಳನ್ನು ಹಾಗೆಹಾಗೇ ನೆನಪಿಟ್ಟುಕೊಳ್ಳುವಷ್ಟು ಜಾಗ ಧಾರಾಳವಾಗಿರುತ್ತದೆ. ಇಂಥ ಮೂಲೆಯಲ್ಲಿ ಇಂಥ ಮಚ್ಚೆ ಇದ್ದರೆ ಬಿಳಿಗೋಟು, ಇಂಥ ನೆರಳಿದ್ದರೆ ಚಾಲಿ ಎಂದು ಒಂದೊಂದು ಅಡಿಕೆಗೂ ಒಂದೊಂದು ಗುಟ್ಟು ಕಟ್ಟಿಕೊಳ್ಳುತ್ತದೆ. ಅಡಿಕೆಯ ಜಾತಿ ಅದಕ್ಕೆ ತಿಳಿದಿರುವುದಿಲ್ಲ, ನಮ್ಮ ಮನೆಯ ಅಡಿಕೆಗಳ ಹೆಸರು ಹೇಳಿ ಕರೆಯಬಲ್ಲದು, ಅಷ್ಟೆ.

ಇದಕ್ಕೆ ಮದ್ದು ಯಾವುದೆಂದು ನನಗೆ ಗೊತ್ತಿತ್ತು. ಡ್ರಾಪ್‌ಔಟ್.

2012ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ಜೆಫ್ರಿ ಹಿಂಟನ್ ಮತ್ತು ಅವರ ನಾಲ್ವರು ಶಿಷ್ಯರು ಈ ಉಪಾಯವನ್ನು ಮುಂದಿಟ್ಟರು. ಎರಡು ವರ್ಷದ ನಂತರ ನಿತೀಶ್ ಶ್ರೀವಾಸ್ತವ ಮೊದಲ ಹೆಸರಾಗಿ, ವಿವರವಾದ ದೊಡ್ಡ ಪ್ರಬಂಧ ಬಂತು. ಉಪಾಯ ಕೇಳಿದರೆ ತಮಾಷೆ ಅನ್ನಿಸುತ್ತದೆ: ತರಬೇತಿಯ ಪ್ರತಿ ಹೆಜ್ಜೆಯಲ್ಲೂ ನೆಟ್‌ವರ್ಕಿನ ಅರ್ಧದಷ್ಟು ಪುಟ್ಟ ಲೆಕ್ಕದ ಘಟಕಗಳನ್ನು, ಅಂದರೆ ನ್ಯೂರಾನ್‌ಗಳನ್ನು ಮನಬಂದಂತೆ ಆರಿಸಿ ಬಾಯಿ ಮುಚ್ಚಿಸಿಬಿಡಿ. ಮುಂದಿನ ಹೆಜ್ಜೆಗೆ ಬೇರೆ ಅರ್ಧ. ಯಾವ ನ್ಯೂರಾನಿಗೂ ಪಕ್ಕದವನು ಈ ಸಲ ಇರುತ್ತಾನೋ ಇಲ್ಲವೋ ಎಂಬ ಖಾತ್ರಿ ಇಲ್ಲ. ಹಾಗಾಗಿ ಪಕ್ಕದವನ ತಪ್ಪನ್ನು ಮುಚ್ಚಲೆಂದೇ ತನ್ನನ್ನು ತಿದ್ದಿಕೊಳ್ಳುವ ಒಳಒಪ್ಪಂದ ನಡೆಯುವುದಿಲ್ಲ. ಒಬ್ಬೊಬ್ಬರೂ ಸ್ವಂತಕ್ಕೆ ಏನಾದರೂ ಉಪಯೋಗದ್ದನ್ನು ಕಲಿಯಲೇಬೇಕು.

ಹಿಂಟನ್ ಇದಕ್ಕೊಂದು ಕತೆ ಹೇಳಿಕೊಂಡಿದ್ದಾರೆ. ಅವರು ಹೋಗುತ್ತಿದ್ದ ಬ್ಯಾಂಕಿನಲ್ಲಿ ಕೌಂಟರಿನ ಗುಮಾಸ್ತರು ಬದಲಾಗುತ್ತಲೇ ಇದ್ದರಂತೆ. ಯಾಕೆ ಅಂತ ಒಬ್ಬರನ್ನು ಕೇಳಿದರೆ ಅವರಿಗೂ ಗೊತ್ತಿಲ್ಲ. ಬ್ಯಾಂಕಿಗೆ ಮೋಸ ಮಾಡಬೇಕಾದರೆ ಗುಮಾಸ್ತರು ಒಬ್ಬರಿಗೊಬ್ಬರು ಕೈಜೋಡಿಸಬೇಕಲ್ಲ, ಅದನ್ನು ತಡೆಯಲಿಕ್ಕೇ ಇರಬೇಕು ಅಂತ ಹಿಂಟನ್ ಊಹಿಸಿದರು. ನ್ಯೂರಾನ್‌ಗಳ ಪಿತೂರಿಯನ್ನೂ ಹೀಗೇ ಮುರಿಯಬಹುದಲ್ಲ ಎಂದು ಹೊಳೆಯಿತಂತೆ.

ಕತೆ ಚೆನ್ನಾಗಿದೆ. ಆದರೆ ನನಗೆ ವಿಷಯ ನಿಜಕ್ಕೂ ತಲೆಗೆ ಹೋದದ್ದು ದೊಡ್ಡಪ್ಪನಿಂದ. ದೊಡ್ಡಪ್ಪ ತಾಳಮದ್ದಳೆಯ ಅರ್ಥಧಾರಿ. ಒಬ್ಬನೇ ಜೊತೆಗಾರನೊಡನೆ ವರ್ಷಗಟ್ಟಲೆ ಕೂತರೆ ಏನಾಗುತ್ತದೆ ಎಂದು ಅವನು ಹೇಳುವುದುಂಟು. ಜೊತೆಗಾರ ಈ ಮಾತು ಎತ್ತುತ್ತಾನೆ, ನಾನು ಈ ಉತ್ತರ ಕೊಡುತ್ತೇನೆ, ಚಪ್ಪಾಳೆ ಬೀಳುತ್ತದೆ. ಇಬ್ಬರೂ ಪುರಾಣ ಮರೆತು ಪರಸ್ಪರರನ್ನು ಬಾಯಿಪಾಠ ಮಾಡಿರುತ್ತೇವೆ. ಎದುರಿಗೆ ಕೃಷ್ಣನಾಗಿ ಇವತ್ತು ಯಾರು ಕೂರುತ್ತಾರೆ ಎಂಬುದು ಗೊತ್ತಿಲ್ಲದಿದ್ದರೆ ಮಾತ್ರ ಕೌರವನಾದವನು ಕೌರವನನ್ನು ಪೂರ್ತಿ ಓದಿಕೊಂಡು ಬರುತ್ತಾನೆ. ಡ್ರಾಪ್‌ಔಟ್ ಬಗ್ಗೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಯಾವ ಪಾಠದಲ್ಲೂ ಕೇಳಿಲ್ಲ.

ಉಪಾಯದ ಹಿಂದೆ ಗಟ್ಟಿ ಸಾಕ್ಷಿಯೂ ಇತ್ತು. ಕೈಬರಹದ ಅಂಕಿಗಳನ್ನು ಗುರುತಿಸುವ ಪ್ರಸಿದ್ಧ ಪರೀಕ್ಷೆಯಲ್ಲಿ ಹತ್ತು ಸಾವಿರ ಚಿತ್ರಕ್ಕೆ ಸುಮಾರು 160 ತಪ್ಪು ಮಾಡುತ್ತಿದ್ದ ಸಾದಾ ನೆಟ್‌ವರ್ಕಿನ ಜಾಗದಲ್ಲಿ, ಒಳಪದರಗಳಲ್ಲಿ ಅರ್ಧರ್ಧ ಬಾಯಿ ಮುಚ್ಚಿಸಿದಾಗ ತಪ್ಪು ಸುಮಾರು 130ಕ್ಕೆ ಇಳಿಯಿತು. ಜೊತೆಗೆ ಚಿತ್ರದ ಚುಕ್ಕಿಗಳಲ್ಲೂ ಐದರಲ್ಲೊಂದನ್ನು ಅಳಿಸಿದಾಗ 110ರ ಹತ್ತಿರ ಬಂತು. ಅದೇ 2012ರಲ್ಲಿ ಇಮೇಜ್‌ನೆಟ್ ಸ್ಪರ್ಧೆಯನ್ನು ಗೆದ್ದು ಈ ಕ್ಷೇತ್ರದ ದಿಕ್ಕನ್ನೇ ತಿರುಗಿಸಿದ ಅಲೆಕ್ಸ್‌ನೆಟ್‌ನಲ್ಲಿ ಆರು ಕೋಟಿ ತೂಕಗಳಿದ್ದವು, ತರಬೇತಿಗೆ ಇದ್ದದ್ದು ಹನ್ನೆರಡು ಲಕ್ಷ ಚಿತ್ರ. ಅದರ ಕೊನೆಯ ದಪ್ಪ ಪದರಗಳಲ್ಲಿ ಎರಡಕ್ಕೆ ಡ್ರಾಪ್‌ಔಟ್ ಹಾಕಿದ್ದರು. ತರಬೇತಿಗೆ ಹಿಡಿಯುವ ಸುತ್ತುಗಳು ಹೆಚ್ಚುಕಡಿಮೆ ಇಮ್ಮಡಿಯಾದವು. ಡ್ರಾಪ್‌ಔಟ್ ಇಲ್ಲದಿದ್ದರೆ ಬಾಯಿಪಾಠವೇ ಗತಿಯಾಗುತ್ತಿತ್ತು ಎಂದು ಅದನ್ನು ಕಟ್ಟಿದವರೇ ಬರೆದುಕೊಂಡಿದ್ದಾರೆ.

ಇಷ್ಟೆಲ್ಲ ಹೇಳುತ್ತಿರುವವನು ಆಗ ಓದಿದ್ದು 2014ರ ಪ್ರಬಂಧದ ಮೊದಲ ಪುಟದ ಸಾರಾಂಶವನ್ನು ಮಾತ್ರ. ಒಳಗಿನ ಮೂವತ್ತು ಪುಟ ಓದಿದ್ದರೆ ಏನು ಸಿಗುತ್ತಿತ್ತು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಮದ್ದು ಕುಡಿಸುವುದರಲ್ಲೂ ಒಂದು ಎಡವಟ್ಟಾಯಿತು. ಹಳೆಯ ಉದಾಹರಣೆಯೊಂದರಲ್ಲಿ 0.8 ಎಂದಿತ್ತು, ನಾನೂ 0.8 ಬರೆದೆ. ಎರಡು ರಾತ್ರಿ ಓಡಿದರೂ ನೆಟ್‌ವರ್ಕ್ ಏನೂ ಕಲಿಯಲಿಲ್ಲ. ಮೂಲ ಪ್ರಬಂಧದಲ್ಲಿ ಈ ಸಂಖ್ಯೆ ಅಂದರೆ ಉಳಿಸಿಕೊಳ್ಳುವ ಪಾಲು. ಆ ಕಾಲದ ಟೆನ್ಸರ್‌ಫ್ಲೋದಲ್ಲೂ ಹಾಗೇ ಇತ್ತು. ನಾನು ಬಳಸುತ್ತಿದ್ದ ಪೈಟಾರ್ಚ್‌ನಲ್ಲಿ ಅದೇ ಸಂಖ್ಯೆ ಅಂದರೆ ಕೈಬಿಡುವ ಪಾಲು. ಹತ್ತು ಜನರಲ್ಲಿ ಎಂಟು ಜನರನ್ನು ಮನೆಗೆ ಕಳಿಸಿ, ಕೆಲಸ ಯಾಕೆ ಮುಗಿದಿಲ್ಲ ಅಂತ ಕಾಯುತ್ತ ಕೂತಿದ್ದೆ. ಗೊತ್ತಾದ ಮೇಲೆ 0.5 ಮಾಡಿದೆ.

ಫಲಿತಾಂಶ: ತರಬೇತಿಯಲ್ಲಿ ತೊಂಬತ್ತೈದು, ಪರೀಕ್ಷೆಯಲ್ಲಿ ತೊಂಬತ್ನಾಲ್ಕು. ನೂರಕ್ಕೂ ಎಂಬತ್ನಾಲ್ಕಕ್ಕೂ ನಡುವೆ ಬಾಯಿ ತೆರೆದಿದ್ದ ಕಂದಕ ಒಂದೇ ರಾತ್ರಿಯಲ್ಲಿ ಮುಚ್ಚಿತು. ಮನೆಗೆ ಫೋನ್ ಮಾಡಿದೆ. ದೊಡ್ಡಪ್ಪನಿಗೆ ಓವರ್‌ಫಿಟಿಂಗ್ ಎಂದರೇನು ಎಂಬುದನ್ನು ಇಪ್ಪತ್ತು ನಿಮಿಷ ವಿವರಿಸಿದೆ. ಅವನು ಎಲ್ಲ ಕೇಳಿ, "ಅಂತೂ ನೂರರಲ್ಲಿ ಆರು ತಪ್ತದೆ ಅಂದಾಯ್ತು" ಅಂದ.

ಆ ಸಂಭ್ರಮದಲ್ಲಿ ಎರಡು ವಿಷಯ ಕಣ್ಣಿಗೆ ಬೀಳಲಿಲ್ಲ. ಒಂದು, ಆ ಕಂದಕ ಮುಚ್ಚಿದ್ದರಲ್ಲಿ ಸ್ವಲ್ಪ ಪಾಲು ಕಣ್ಕಟ್ಟು. ತರಬೇತಿಯ ಅಂಕ ಎಣಿಸುವಾಗ ಅರ್ಧ ನ್ಯೂರಾನ್‌ಗಳು ಬಾಯಿ ಮುಚ್ಚಿರುತ್ತವೆ, ಪರೀಕ್ಷೆಯ ಹೊತ್ತಿಗೆ ಎಲ್ಲವೂ ಹಾಜರು. ಅರ್ಧ ಮೇಳದ ಆಟವನ್ನು ಪೂರ್ತಿ ಮೇಳದ ಆಟಕ್ಕೆ ಹೋಲಿಸಿ, ಎರಡೂ ಸಮ ಇವೆ ಎಂದು ನಾನು ಹಿಗ್ಗಿದ್ದೆ. ಇನ್ನೊಂದು ಇದಕ್ಕಿಂತ ದೊಡ್ಡದು. ತಪ್ಪುಗಳ ಪಟ್ಟಿ ತೆಗೆದು ನೋಡಿದಾಗ ಚಾಲಿಯನ್ನು ಬಿಳಿಗೋಟು ಅಂದದ್ದಿತ್ತು, ಬಿಳಿಗೋಟನ್ನು ಚಾಲಿ ಅಂದದ್ದಿತ್ತು. ಕೋಕದ ಸಾಲಿನಲ್ಲಿ ಒಂದೂ ತಪ್ಪಿಲ್ಲ. ಡ್ರಾಪ್‌ಔಟ್ ಹಾಕುವ ಮೊದಲೂ ಇರಲಿಲ್ಲ. ಅನುಮಾನ ಬರಬೇಕಿತ್ತು, ಬಂದದ್ದು ಹೆಮ್ಮೆ.

ಜೂನ್ ಮೊದಲ ವಾರ ಮತ್ತೆ ಊರಿಗೆ ಹೋದೆ. ದೊಡ್ಡಪ್ಪನಿಗೆ ಪರಿಚಯದ ವ್ಯಾಪಾರಿಯೊಬ್ಬರ ವಖಾರಿಯಲ್ಲಿ ಯಂತ್ರ ತೋರಿಸುವುದೆಂದು ಗೊತ್ತಾಗಿತ್ತು. ರಾತ್ರಿ ಬಸ್ಸಿನಲ್ಲಿ ಕೂತು, ಫೋನಿನಿಂದ ಫೋಟೊ ಬಂದ ತಕ್ಷಣ ಉತ್ತರ ಕೊಡುವ ಒಂದು ಪುಟ್ಟ ಪ್ರೋಗ್ರಾಮ್ ಬರೆದೆ. ವಖಾರಿಯ ಮುಂದಿನ ಸಿಮೆಂಟ್ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ವ್ಯಾಪಾರಿ, ಅವರ ಲೆಕ್ಕ ಬರೆಯುವವರು, ಹಮಾಲರು ಇಬ್ಬರು, ಅಡಿಕೆ ಆರಿಸುತ್ತಿದ್ದ ನಾಲ್ಕೈದು ಹೆಂಗಸರು, ಎಲ್ಲರೂ ಬಂದು ನಿಂತರು. ನಮ್ಮ ಅಕ್ಕನೂ ಅವತ್ತು ಅಲ್ಲೇ ಕೆಲಸಕ್ಕೆ ಬಂದಿದ್ದಳು.

ವ್ಯಾಪಾರಿ ಒಂದು ಅಡಿಕೆ ಕಟ್ಟೆಯ ಮೇಲಿಟ್ಟರು. ಫೋಟೊ ತೆಗೆದೆ. ಚಾಲಿ ಎಂದು ಬಂತು. ಸರಿ ಎಂದು ತಲೆ ಆಡಿಸಿದರು. ಇನ್ನೊಂದು ಕೋನದಿಂದ ತೆಗೆಯೋಣ ಎಂದು ಮತ್ತೆ ಒತ್ತಿದೆ. ಬಿಳಿಗೋಟು. ಕೈ ಅಲುಗಿರಬೇಕು ಎಂದು, ಈ ಸಲ ಫೋಟೊ ಹೊಸದಾಗಿ ತೆಗೆಯದೆ ಮೊದಲನೆಯದನ್ನೇ ಮತ್ತೆ ಕಳಿಸಿದೆ. ಕೋಕ. ಅದೇ ಫೈಲು, ಒಂದು ಚುಕ್ಕಿಯೂ ಬದಲಾಗಿಲ್ಲ. ಇನ್ನೊಮ್ಮೆ ಕಳಿಸಿದೆ. ಚಾಲಿ.

"ಹೊಟ್ಟೆಗೆ ಬಿದ್ದಿಲ್ಲ ಕಾಣ್ತದೆ ಅದಕ್ಕೆ" ಅಂದಳು ಅಕ್ಕ. ಎಲ್ಲರೂ ನಕ್ಕರು. ವ್ಯಾಪಾರಿ ಒಳ್ಳೆಯವರು, ನಗಲಿಲ್ಲ, ಚಹಾ ತರಿಸಿದರು. ನಗದೇ ಇದ್ದದ್ದು ಹೆಚ್ಚು ಚುಚ್ಚಿತು.

ತಪ್ಪು ಸಿಕ್ಕಿದ್ದು ರಾತ್ರಿ ಹನ್ನೊಂದಕ್ಕೆ. ಡ್ರಾಪ್‌ಔಟ್ ಇರಬೇಕಾದದ್ದು ತರಬೇತಿಯಲ್ಲಿ ಮಾತ್ರ. ಕೆಲಸಕ್ಕೆ ಹಚ್ಚುವಾಗ ಎಲ್ಲ ನ್ಯೂರಾನ್‌ಗಳೂ ಬಾಯಿ ತೆರೆಯಬೇಕು. ಹಾಗೆ ತೆರೆದಾಗ ಗದ್ದಲ ಇಮ್ಮಡಿಯಾಗುತ್ತದಲ್ಲ, ಅದಕ್ಕೂ ಲೆಕ್ಕವಿದೆ: ಮೂಲ ಪ್ರಬಂಧದಲ್ಲಿ ಪರೀಕ್ಷೆಯ ಹೊತ್ತಿಗೆ ತೂಕಗಳನ್ನು ತಗ್ಗಿಸುತ್ತಾರೆ, ಈಗಿನ ತಂತ್ರಾಂಶಗಳು ತರಬೇತಿಯಲ್ಲೇ, ಬಾಯಿ ತೆರೆದಿರುವವರ ದನಿಯನ್ನು ಅಷ್ಟಕ್ಕಷ್ಟು ಏರಿಸಿ ಸರಿದೂಗಿಸಿಬಿಡುತ್ತವೆ. ಪೈಟಾರ್ಚ್‌ನಲ್ಲಿ ನಾವು ಮಾಡಬೇಕಾದದ್ದು ಇಷ್ಟೇ, ಇನ್ನು ತರಬೇತಿ ಮುಗಿಯಿತು ಎಂದು ತಿಳಿಸುವ ಇವ್ಯಾಲ್ ಎಂಬ ಒಂದು ಸಾಲು ಬರೆಯಬೇಕು. ತರಬೇತಿಯ ಪ್ರೋಗ್ರಾಮಿನಲ್ಲಿ ಆ ಸಾಲು ಇತ್ತು, ಯಾರದೋ ಪಾಠದಿಂದ ಎತ್ತಿಕೊಂಡದ್ದರಿಂದ. ಬಸ್ಸಿನಲ್ಲಿ ನಾನೇ ಬರೆದದ್ದರಲ್ಲಿ ಇರಲಿಲ್ಲ. ಹಾಗಾಗಿ ವಖಾರಿಯ ಕಟ್ಟೆಯ ಮೇಲೆ, ಪ್ರತಿ ಪ್ರಶ್ನೆಗೂ ಬೇರೆ ಬೇರೆ ಅರ್ಧ ಮೇಳ ಎದ್ದು ಬೇರೆ ಬೇರೆ ಉತ್ತರ ಕೊಡುತ್ತಿತ್ತು.

ಆ ಒಂದು ಸಾಲು ಸೇರಿಸಿದೆ. ಒಂದು ಫೋಟೊವನ್ನು ಐವತ್ತು ಸಲ ಕಳಿಸಿದೆ. ಐವತ್ತು ಸಲವೂ ಒಂದೇ ಉತ್ತರ. ನೆಮ್ಮದಿಯಿಂದ ಮಲಗಿದೆ. ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ನಗುತ್ತ ಹೇಳುವ ಪ್ರಸಂಗವಾಗಿ ಇಟ್ಟುಕೊಳ್ಳುತ್ತಿದ್ದೆ. ಒಂದು ಸಾಲು ಮರೆಯುವುದು ಯಾರಿಗಾದರೂ ಆಗುವಂಥದ್ದು.

ಮರುದಿನ ಮಳೆ. ಕಟ್ಟೆಯ ಮೇಲೆ ಕೂರುವಂತಿಲ್ಲ, ಒಳಗೆ ಕರೆದರು. ಒಳಗೆ ತೊಲೆಯ ತನಕ ಚೀಲದ ಅಟ್ಟಿ, ಒಂದು ಟ್ಯೂಬ್‌ಲೈಟು. ಅರೆತುಂಬಿದ ಚೀಲದ ಮೇಲೆ ಅಡಿಕೆ ಇಟ್ಟೆ. ಕೋಕ. ಇನ್ನೊಂದು, ಅದೂ ಕೋಕ. ವ್ಯಾಪಾರಿ ತಮ್ಮ ಅತ್ಯುತ್ತಮ ಚಾಲಿಯ ಚೀಲದಿಂದ ಒಂದು ಹಿಡಿ ತಂದು ಸಾಲಾಗಿ ಇಟ್ಟರು. ಎಲ್ಲವೂ ಕೋಕ. ನಿನ್ನೆಯ ಹಾಗೆ ಚಂಚಲವಲ್ಲ, ಇವತ್ತು ಯಂತ್ರಕ್ಕೆ ಅಚಲ ನಂಬಿಕೆ: ನೂರಕ್ಕೆ ತೊಂಬತ್ತೊಂಬತ್ತರಷ್ಟು ಖಾತ್ರಿ ಎಂದು ತೋರಿಸುತ್ತಿತ್ತು.

ಅಕ್ಕ ಬಗ್ಗಿ ಅಡಿಕೆಯನ್ನು ತೆಗೆದುಕೊಂಡಳು. "ಈಗ ತೆಗಿ ತಮ್ಮಾ ಫೋಟೊ" ಅಂದಳು. ಏನು ತೆಗೆಯುವುದು, ಚೀಲದ ಮೇಲೆ ಏನೂ ಇಲ್ಲ. ಅವಳು ತಮಾಷೆಗೇ ಅಂದದ್ದು. ನಾನು ಬೇರೆ ದಾರಿ ಕಾಣದೆ ತೆಗೆದೆ.

ಖಾಲಿ ಗೋಣಿಚೀಲ. ಉತ್ತರ: ಕೋಕ. ಖಾತ್ರಿ: ತೊಂಬತ್ತೊಂಬತ್ತು.

ಈ ಸಲ ಯಾರೂ ನಗಲಿಲ್ಲ, ಪರದೆಯ ಮೇಲಿನ ಸಂಖ್ಯೆಯ ಅರ್ಥ ನನಗೊಬ್ಬನಿಗೇ ಗೊತ್ತಿದ್ದದ್ದು. ಎರಡು ತಿಂಗಳು ನಾನು ಅಡಿಕೆ ಗುರುತಿಸುವ ಯಂತ್ರ ಕಟ್ಟಿದ್ದೇನೆ ಎಂದು ತಿಳಿದಿದ್ದೆ. ಕಟ್ಟಿದ್ದು ಗೋಣಿಚೀಲ ಗುರುತಿಸುವ ಯಂತ್ರ. ಅದರಲ್ಲಿ ಅದು ನಿಜಕ್ಕೂ ನಿಪುಣ.

ಮನೆಗೆ ಬಂದು ಜಗಲಿಯಲ್ಲಿ ಕೂತಾಗ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಬಾಯಿಪಾಠ ತಡೆಯಲಿಕ್ಕೆಂದೇ ಡ್ರಾಪ್‌ಔಟ್ ಹಾಕಿದ್ದೆನಲ್ಲ, ಅದು ಯಾಕೆ ತಡೆಯಲಿಲ್ಲ? ಉತ್ತರ ಹಿಂಟನ್ನರ ಬ್ಯಾಂಕಿನ ಕತೆಯಲ್ಲೇ ಇದೆ, ಸ್ವಲ್ಪ ಮುಂದುವರಿಸಿ ನೋಡಿದರೆ. ಗುಮಾಸ್ತರನ್ನು ದಿನಾ ಬದಲಿಸಿದರೆ ಅವರವರ ಪಿತೂರಿ ಮುರಿಯುತ್ತದೆ. ಆದರೆ ಬ್ಯಾಂಕಿನ ಲೆಡ್ಜರಿನಲ್ಲೇ ತಪ್ಪು ಬರೆದಿದ್ದರೆ? ಯಾವ ಗುಮಾಸ್ತ ಬಂದು ಕೂತರೂ ಅದೇ ತಪ್ಪನ್ನು ಪ್ರಾಮಾಣಿಕವಾಗಿ ಓದಿ ಹೇಳುತ್ತಾನೆ. ಕೋಕದ ಒಂದು ಸಾವಿರ ಫೋಟೊದಲ್ಲೂ ಗೋಣಿಯ ನೇಯ್ಗೆ ಇತ್ತು, ಚಿತ್ರದ ಮುಕ್ಕಾಲು ಪಾಲು ಅದೇ. ಅದನ್ನು ಗುರುತಿಸಲು ನ್ಯೂರಾನ್‌ಗಳು ಕೈಜೋಡಿಸಬೇಕಾದ ಅಗತ್ಯವೇ ಇಲ್ಲ. ಅರ್ಧ ಜನರನ್ನು ಹೊರಗೆ ಕಳಿಸಿದರೂ ಉಳಿದ ಅರ್ಧಕ್ಕೆ ಗೋಣಿ ಕಾಣುತ್ತದೆ. ನಿಜ ಹೇಳಬೇಕೆಂದರೆ ಡ್ರಾಪ್‌ಔಟ್ ಅದಕ್ಕೆ ಸಹಾಯವನ್ನೇ ಮಾಡಿರಬೇಕು. ಯಾರು ಇರಲಿ ಬಿಡಲಿ ಸಿಗುವ ಸುಳಿವನ್ನೇ ಎಲ್ಲರೂ ಕಲಿಯಿರಿ ಎಂದಲ್ಲವೆ ಅದು ಹೇಳುವುದು? ಅಡಿಕೆಯ ಮೈಮೇಲಿನ ಸಣ್ಣ ಒಡಕಿಗಿಂತ ಗೋಣಿಯ ನೇಯ್ಗೆ ಎಷ್ಟೋ ಪಾಲು ಭದ್ರವಾದ ಸುಳಿವು.

ಪರೀಕ್ಷೆಯಲ್ಲೂ ಮೋಸ ಗೊತ್ತಾಗದೆ ಹೋದದ್ದಕ್ಕೆ ಕಾರಣ ನಾನು ಎತ್ತಿದ ಚೀಟಿ. ಒಂದೇ ಅಡಿಕೆಯ ಐದು ಫೋಟೊಗಳಲ್ಲಿ ನಾಲ್ಕು ತರಬೇತಿಗೆ ಹೋಗಿ, ಐದನೆಯದು ಪರೀಕ್ಷೆಗೆ ಬಂದಿತ್ತು. ಹಿನ್ನೆಲೆಯಂತೂ ಎಲ್ಲಕ್ಕೂ ಅದದೇ. ಪ್ರಶ್ನೆಪತ್ರಿಕೆಯನ್ನು ಮೊದಲೇ ಹಂಚಿ, ಹುಡುಗರು ಜಾಣರಾಗಿದ್ದಾರೆ ಎಂದು ಊರೆಲ್ಲ ಹೇಳಿಕೊಂಡು ಬಂದಂತಾಯಿತು. ಎಂಬತ್ನಾಲ್ಕು ತೊಂಬತ್ನಾಲ್ಕಾದದ್ದು ಸುಳ್ಳಲ್ಲ, ಆದರೆ ಎರಡೂ ಸಂಖ್ಯೆ ನನ್ನ ಜಗಲಿ ದಾಟಿ ಆಚೆಗೆ ಏನನ್ನೂ ಹೇಳುತ್ತಿರಲಿಲ್ಲ.

ಆಗ 2014ರ ಆ ಪ್ರಬಂಧವನ್ನು ಪೂರ್ತಿ ಓದಿದೆ. ತರಬೇತಿಗೆ ಎಷ್ಟು ಚಿತ್ರ ಇದ್ದರೆ ಡ್ರಾಪ್‌ಔಟ್‌ನಿಂದ ಎಷ್ಟು ಲಾಭ ಎಂಬುದನ್ನು ಅವರೇ ಅಳೆದು ನೋಡಿದ್ದಾರೆ. ನೂರು, ಐನೂರು ಚಿತ್ರಗಳಷ್ಟೇ ಇದ್ದಾಗ ಲಾಭವೇ ಇಲ್ಲ. ಅಷ್ಟು ಕಡಿಮೆ ಇದ್ದರೆ ಎಷ್ಟು ಗದ್ದಲ ಎಬ್ಬಿಸಿದರೂ ನೆಟ್‌ವರ್ಕ್ ಬಾಯಿಪಾಠ ಮಾಡಿಬಿಡುತ್ತದೆ. ಚಿತ್ರಗಳು ಹೆಚ್ಚುತ್ತ ಹೋದಂತೆ ಲಾಭ ಏರಿ, ತೀರ ಹೆಚ್ಚಾದಾಗ ಮತ್ತೆ ಇಳಿಯುತ್ತದೆ. ನನ್ನ ಹತ್ತಿರ ಮೂರು ಸಾವಿರ ಇತ್ತಲ್ಲ ಎನ್ನಬಹುದು. ಇದ್ದದ್ದು ಆರುನೂರು ಅಡಿಕೆ, ಒಂದು ಮನೆ, ಒಂದು ಚೀಲ.

ಹೀಗೆ ಮುಗ್ಗರಿಸಿದವನು ನಾನೊಬ್ಬನೇ ಅಲ್ಲ ಎಂಬುದು ಓದುತ್ತ ಹೋದಂತೆ ತಿಳಿಯಿತು. 2016ರಲ್ಲಿ ಪ್ಲಾಂಟ್‌ವಿಲೇಜ್ ಎಂಬ ಸಂಗ್ರಹದ 54,306 ಎಲೆ ಚಿತ್ರಗಳ ಮೇಲೆ ಬೆಳೆರೋಗ ಗುರುತಿಸುವ ನೆಟ್‌ವರ್ಕ್ ಕಟ್ಟಿದವರಿಗೆ ಅದೇ ಸಂಗ್ರಹದಿಂದ ತೆಗೆದಿಟ್ಟ ಚಿತ್ರಗಳಲ್ಲಿ ಶೇಕಡಾ 99.35 ಸಿಕ್ಕಿತ್ತು. ಬೇರೆ ಕಡೆ, ಬೇರೆ ಬೆಳಕಿನಲ್ಲಿ ತೆಗೆದ ಚಿತ್ರ ಕೊಟ್ಟಾಗ ಅದು 31ರ ಆಸುಪಾಸಿಗೆ ಕುಸಿಯಿತು. ಕುಸಿದದ್ದನ್ನು ಆ ಸಂಶೋಧಕರು ತಮ್ಮ ಪ್ರಬಂಧದಲ್ಲೇ ಬರೆದಿದ್ದಾರೆ. ನನ್ನ ಹಾಗೆ ಮನೆಗೆ ಫೋನ್ ಮಾಡಿ ಮೊದಲಿನ ಸಂಖ್ಯೆಯನ್ನಷ್ಟೇ ಹೇಳಲಿಲ್ಲ. 2022ರಲ್ಲಿ ಇನ್ನೊಬ್ಬರು ಅದೇ ಸಂಗ್ರಹದಿಂದ ಎಲೆಯನ್ನು ಬಿಟ್ಟು ಹಿನ್ನೆಲೆಯ ಎಂಟೇ ಎಂಟು ಚುಕ್ಕಿಗಳನ್ನು ತೆಗೆದುಕೊಂಡು ತರಬೇತಿ ಕೊಟ್ಟರು. 38 ಬಗೆಗಳಲ್ಲಿ ಯಾವುದೆಂದು ಕಣ್ಮುಚ್ಚಿ ಹೇಳಿದರೆ ನೂರಕ್ಕೆ ಮೂರೂ ಸರಿ ಹೋಗದ ಜಾಗದಲ್ಲಿ ಆ ಎಂಟು ಚುಕ್ಕಿಗಳು 49 ಸರಿ ಹೇಳಿದವು. ಎಲೆಯನ್ನೇ ನೋಡದೆ. ಅದನ್ನು ಓದಿದಾಗ ನನಗೆ ವಖಾರಿಯ ಖಾಲಿ ಚೀಲ ನೆನಪಾಗಿ ಒಬ್ಬನೇ ನಕ್ಕೆ.

2020ರಲ್ಲಿ ಲಾಕ್‌ಡೌನ್ ಬಂತು. ಕಚೇರಿ ಮನೆಗೇ ಬಂದದ್ದರಿಂದ ನಾನು ಊರಿಗೆ ಹೋದೆ. ಚಾಲಿ ಸುಲಿಯುವ ಕಾಲ, ಆಳುಗಳು ಬರುವಂತಿಲ್ಲ, ಅಕ್ಕನೂ ಬರುವಂತಿಲ್ಲ. ಜೀವಮಾನದಲ್ಲಿ ಮೊದಲ ಸಲ ಜಗಲಿಯಲ್ಲಿ ಕೂತು ಅಡಿಕೆ ಆರಿಸಿದೆ. ಮೂರನೇ ದಿನಕ್ಕೆ ಒಂದು ವಿಷಯ ಕೈಗೆ ತಿಳಿಯತೊಡಗಿತು. ಒಳಗೆ ಟೊಳ್ಳಾದ ಕಾಯಿ ಬೆರಳ ತುದಿಗೆ ಹಗುರ. ರಾಶಿಗೆ ಎಸೆದಾಗ ಅದರ ಸದ್ದೂ ಬೇರೆ, ಗಟ್ಟಿ ಕಾಯಿಯ ಟಕ್ಕೆನ್ನುವ ಸದ್ದಲ್ಲ. ಅಕ್ಕ ನಮ್ಮ ಮುಖ ನೋಡಿಕೊಂಡು ಆರಿಸುತ್ತಿದ್ದದ್ದು ಯಾಕೆಂದು ಆಗ ಗೊತ್ತಾಯಿತು, ಅವಳಿಗೆ ಅರ್ಧಕ್ಕರ್ಧ ಕಣ್ಣಿನ ಹಂಗೇ ಇರಲಿಲ್ಲ. ತೂಕ, ಸದ್ದು ಎರಡೂ ನನ್ನ ಮೂರು ಸಾವಿರ ಫೋಟೊಗಳ ಯಾವ ಮೂಲೆಯಲ್ಲೂ ಇರಲಿಲ್ಲ.

ಆದರೂ ಹಟ ಬಿಡಲಿಲ್ಲ. ಸುತ್ತಿನ ಎಂಟು ಮನೆಯವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕೇಳಿಕೊಂಡೆ: ಮೂರೂ ಬಗೆಯನ್ನು ಒಂದೇ ಜಾಗದಲ್ಲಿಟ್ಟು ಫೋಟೊ ತೆಗೆಯಿರಿ, ಜಾಗ ಯಾವುದಾದರೂ ಆದೀತು. ಚಾಪೆ, ಮೊರ, ಸೆಗಣಿ ಸಾರಿಸಿದ ಅಂಗಳ, ಹಳೆಯ ಪತ್ರಿಕೆ, ಒಬ್ಬರಂತೂ ಕೇರಂ ಬೋರ್ಡಿನ ಮೇಲೆ ಇಟ್ಟಿದ್ದರು. ಈ ಸಲ ಚೀಟಿ ಎತ್ತಲಿಲ್ಲ. ಮನೆ ಮನೆಯಾಗಿ ಬೇರ್ಪಡಿಸಿದೆ: ಎಂಟು ಮನೆ ತರಬೇತಿಗೆ, ನಮ್ಮ ಮನೆಯ ಅಡಿಕೆ ಪರೀಕ್ಷೆಗೆ ಮಾತ್ರ. ಡ್ರಾಪ್‌ಔಟ್ ಇಲ್ಲದೆ ಐವತ್ತೆಂಟು ಬಂತು. ಹಾಕಿದ ಮೇಲೆ ಅರವತ್ತಮೂರು. ಆ ಐದು ಅಂಕವನ್ನು ನಾನು ಹಿಂದಿನ ವರ್ಷದ ಹತ್ತಕ್ಕಿಂತ ಹೆಚ್ಚು ಗೌರವದಿಂದ ನೋಡುತ್ತೇನೆ. ಮಳೆಗಾಲ ಹಿಡಿಯುವ ಹೊತ್ತಿಗೆ ಇನ್ನೂ ಆರು ಮನೆಯ ಫೋಟೊ ಸೇರಿ ಎಪ್ಪತ್ತೊಂದಕ್ಕೆ ಮುಟ್ಟಿತು. 0.5ಕ್ಕಿಂತ 0.3 ನಮಗೆ ಒಗ್ಗಿತು. ಅಲ್ಲಿಂದ ಮೇಲೆ ಹತ್ತಲಿಲ್ಲ.

"ಹೋದ ವರ್ಷ ತೊಂಬತ್ನಾಲ್ಕು ಅಂದಿದ್ದೆ ಅಲ್ದಾ ಮಾಣಿ?" ಅಂತ ಕೇಳಿದ ದೊಡ್ಡಪ್ಪ. ಈಗ ಎಷ್ಟು ಎಂದು ಹೇಳಿದೆ. ಯಾಕೆ ಇಳಿಯಿತು ಎಂದು ಅವನು ಕೇಳಲಿಲ್ಲ, ಕವಳದ ತಟ್ಟೆಯ ಹತ್ತಿರ ಇದ್ದ ಒಂದು ಅಡಿಕೆ ಎತ್ತಿಕೊಟ್ಟು ಇದನ್ನು ತೋರಿಸು ಅಂದ. ಹಾಸುಗಲ್ಲಿನ ಮೇಲಿಟ್ಟು ಫೋಟೊ ತೆಗೆದೆ. ಚಾಲಿ ಅಂದಿತು, ನೂರಕ್ಕೆ ಎಪ್ಪತ್ತರ ಖಾತ್ರಿಯಲ್ಲಿ. ನನಗೂ ಚಾಲಿಯೇ ಅನ್ನಿಸಿತ್ತು, ಆ ಹೆಸರಲ್ಲೇ ಫೈಲನ್ನು ಉಳಿಸಿಕೊಂಡೆ. ದೊಡ್ಡಪ್ಪ ಅದನ್ನು ಕೈಯಲ್ಲಿ ಒಮ್ಮೆ ಹಾರಿಸಿ ಹಿಡಿದು, ಅಡಕತ್ತರಿಗೆ ಕೊಟ್ಟು ಎರಡು ಹೋಳು ಮಾಡಿದ. ಒಳಗೆ ಕರಿ ಹಿಡಿದು ಟೊಳ್ಳಾಗಿತ್ತು. ಹೋಳುಗಳನ್ನು ಅಂಗಳಕ್ಕೆ ಎಸೆದು ಬೇರೊಂದು ಅಡಿಕೆ ಹುಡುಕತೊಡಗಿದ.

ನಾನು ಲ್ಯಾಪ್‌ಟಾಪ್ ತೆರೆದು ಫೈಲಿನ ಹೆಸರನ್ನು ಕೋಕ ಎಂದು ತಿದ್ದಿದೆ. ತರಬೇತಿಯ ಫೋಲ್ಡರಿಗೆ ಹಾಕಿದರೆ ಯಂತ್ರಕ್ಕೆ ಅನುಕೂಲವಾಗುತ್ತಿತ್ತು. ಆದರೆ ಅಡಿಕೆ ನಮ್ಮ ಮನೆಯದ್ದು. ಪರೀಕ್ಷೆಯ ಫೋಲ್ಡರಿಗೆ ಹಾಕಿ ಮತ್ತೆ ಓಡಿಸಿದೆ. ಅಂಕ ಒಂದು ಕೂದಲಷ್ಟು ಇಳಿಯಿತು.